ಕಿಂಡಿಯಲ್ಲಿ ಉಳಿದ ಮುಖ

ಸತ್ತವರನ್ನು ಬದುಕಿರುವವರ ಮಧ್ಯದಿಂದ ಕತ್ತರಿಸಿ ಆಚೆ ತೆಗೆಯುವುದು ನನ್ನ ಕೆಲಸದಲ್ಲಿ ಅರ್ಧ ಪಾಲು. ಕೇಳಿದವರಿಗೆ ಒಂಥರಾ ಅನ್ನಿಸಬಹುದು. ಅನ್ನಿಸಲಿ. ಗುಂಡ್ಲುಪೇಟೆಯಲ್ಲಿ ಡಿಟಿಪಿ ಅಂಗಡಿಯಲ್ಲಿ ಕೂತವರಿಗೆ ಮದುವೆ ಸೀಸನ್ನಿನಲ್ಲಿ ಮದುವೆ ಕಾರ್ಡು, ವರ್ಷಪೂರ್ತಿ ತಿಥಿ ಕಾರ್ಡು. ಮದುವೆಗಾದರೆ ಮುಹೂರ್ತ ನೋಡುತ್ತಾರೆ, ಸಾವಿಗೆ ಯಾರು ನೋಡುತ್ತಾರೆ?

ನಮ್ಮ ಕಡೆ ಒಬ್ಬರೇ ನಿಂತು ಫೋಟೊ ತೆಗೆಸಿಕೊಳ್ಳುವ ಅಭ್ಯಾಸ ಕಡಿಮೆ. ವಯಸ್ಸಾದ ಹೆಂಗಸರಿಗಂತೂ ಇಲ್ಲವೇ ಇಲ್ಲ. ಆದ್ದರಿಂದ ಮನೆಯವರು ಯಾರದೋ ಮದುವೆಯ ಗುಂಪು ಫೋಟೊ ತಂದು, ಒಂದು ತಲೆಯ ಮೇಲೆ ಬೆರಳಿಟ್ಟು, "ಇವ್ರು ಕಣಕ್ಕ" ಅನ್ನುತ್ತಾರೆ. ನಾನು ಅವರೊಬ್ಬರನ್ನೇ ಬಿಡಿಸಿ ತೆಗೆದು, ಹಿಂದೆ ಹಿಮದ ಬೆಟ್ಟ ಇಟ್ಟು, ಅಕ್ಕಪಕ್ಕ ದೀಪ ಹಚ್ಚಿ, ಮೇಲೆ ದಪ್ಪಕ್ಷರದಲ್ಲಿ ‘ಶಿವಗಣಾರಾಧನೆ’ ಎಂದು ಹಾಕುತ್ತೇನೆ. ಮನೆಯಲ್ಲಿ ಉರ್ದು ಮಾತಾಡುವ, ಬುರ್ಖಾ ಹಾಕಿಕೊಂಡು ಅಂಗಡಿಗೆ ಬರುವ ನಾನು ಆ ಪದವನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ನನಗೇ ಗೊತ್ತಿಲ್ಲ. ಅಂಗಡಿಯ ಯಜಮಾನರು ತಮಾಷೆ ಮಾಡುತ್ತಿದ್ದರು: "ನಿಂಗೆ ಕೈಲಾಸದಲ್ಲಿ ಒಂದು ಸೀಟು ಗ್ಯಾರಂಟಿ ಕಣವ್ವ. ನಂಗೂ ಒಂದು ಟವಲ್ ಹಾಕಿ ಹಿಡ್ಕಂಡಿರು."

ಯಜಮಾನರು ಅಕ್ಷರದ ಮೊಳೆ ಜೋಡಿಸಿ ಅಚ್ಚು ಹೊಡೆಯುತ್ತಿದ್ದ ಕಾಲದವರು. ಕಣ್ಣು ಮಂಜಾದ ಮೇಲೆ ಕಂಪ್ಯೂಟರನ್ನು ನನ್ನ ಕೈಗೆ ಕೊಟ್ಟು, ತಾವು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಿದ್ದರು. ಆ ಕಂಪ್ಯೂಟರೋ, ದೇವರಿಗೇ ಪ್ರೀತಿ. ಅದರಲ್ಲಿ ನಮಗೆ ಬೇಕಾದ ಸಾಫ್ಟ್‌ವೇರುಗಳು ಎರಡು. ಒಂದು ಫೋಟೊ ತಿದ್ದುವುದಕ್ಕೆ, ಇನ್ನೊಂದು ಬ್ಯಾನರು ಜೋಡಿಸುವುದಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಎರಡನ್ನೂ ಒಟ್ಟಿಗೆ ತೆರೆದರೆ ಮೆಷಿನ್ನು ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು.

ಹಾಗಾದರೆ ಇದರಲ್ಲಿ ಕತ್ತರಿಸಿದ ಮುಖ ಅದರೊಳಕ್ಕೆ ಹೋಗುವುದು ಹೇಗೆ? ಕೆಲಸ ಕಲಿಯುವಾಗ ನಾನು ಕೇಳಿದ ಮೊದಲ ಪ್ರಶ್ನೆ ಅದು. ಕಂಪ್ಯೂಟರಿನೊಳಗೆ ಕಣ್ಣಿಗೆ ಕಾಣದ ಒಂದು ಜಾಗವಿದೆ. ‘ಕಟ್’ ಅಂದಾಗ ವಸ್ತು ಅಲ್ಲಿಗೆ ಹೋಗಿ ಕೂರುತ್ತದೆ, ‘ಪೇಸ್ಟ್’ ಅಂದಾಗ ಅಲ್ಲಿಂದ ಈಚೆ ಬರುತ್ತದೆ. ಒಂದು ಸಲಕ್ಕೆ ಒಂದೇ. ಇನ್ನೊಂದನ್ನು ಇಟ್ಟರೆ ಮೊದಲಿನದು ಎಲ್ಲಿ ಹೋಯಿತೆಂದು ಯಾರೂ ಹೇಳಲಾರರು. ಯಜಮಾನರು ಇದನ್ನು ವಿವರಿಸುತ್ತಿದ್ದಾಗ ನನಗೆ ತಟ್ಟನೆ ನಮ್ಮ ಮನೆಯ ಕಿಂಡಿ ನೆನಪಾಯಿತು.

ನಮ್ಮ ಹಳೆ ಮನೆಯಲ್ಲಿ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅಬ್ಬಾ ಹಾಸಿಗೆ ಹೊಲಿಯುತ್ತಿದ್ದರು; ಹತ್ತಿ ತರುವವರು, ದಿಂಬು ಒಯ್ಯುವವರು ಎಂದು ಗಂಡಸರು ಬಂದು ಹೋಗುತ್ತಲೇ ಇರುತ್ತಿದ್ದರು. ಅವರ ಮುಂದೆ ಅಮ್ಮಿ ಬರುತ್ತಿರಲಿಲ್ಲ. ಚಹಾ ಲೋಟ, ತಟ್ಟೆ ಎಲ್ಲ ಆ ಕಿಂಡಿಯಲ್ಲೇ. ಈಚೆ ನಿಂತು ನಾನು ತೆಗೆದುಕೊಳ್ಳುತ್ತಿದ್ದೆ. ಹಸಿರು ಬಳೆಯ ಕೈ ಬರುತ್ತಿತ್ತು, ಇಡುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ನನಗೆ ಒಂಬತ್ತು ವರ್ಷವಿದ್ದಾಗ ಅಮ್ಮಿ ತೀರಿಕೊಂಡಳು. ಫೋಟೊ ಇದ್ದ ಮನೆಗೆ ಫರಿಶ್ತೆಗಳು, ಅಂದರೆ ದೇವದೂತರು, ಕಾಲಿಡುವುದಿಲ್ಲ ಎಂದು ಅಬ್ಬಾ ಗೋಡೆಗೆ ಒಂದು ಕ್ಯಾಲೆಂಡರು ಚಿತ್ರವನ್ನೂ ಹಾಕಲು ಬಿಟ್ಟವರಲ್ಲ. ಅಮ್ಮಿಯದೆಂದು ಇದ್ದದ್ದು ಓಟಿನ ಗುರುತಿನ ಚೀಟಿಯ ಫೋಟೊ ಒಂದೇ. ಓಟಿನ ಪಟ್ಟಿಯಿಂದ ಹೆಸರು ತೆಗೆಸಲು ಹೋದಾಗ ಅಬ್ಬಾ ಅದನ್ನೂ ಕಚೇರಿಗೆ ಕೊಟ್ಟು ಬಂದರು. ಇಡೀ ತಾಲ್ಲೂಕಿನ ತಾಯಂದಿರಿಗೆ ಹಿಮದ ಬೆಟ್ಟ ಕಟ್ಟುವ ನನ್ನ ಹತ್ತಿರ ನನ್ನ ತಾಯಿಯ ಮುಖವಿಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಈಗಲೂ ಅಬ್ಬಾ ಮೇಲೆ ಸಿಟ್ಟು ಬರುತ್ತದೆ.

ಕೆಲಸದ ರೀತಿ ಒಂದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬುದ್ಧಿ ಇರುವವರು ಮುಖವನ್ನು ‘ಕಾಪಿ’ ಮಾಡುತ್ತಾರೆ. ನಾನು ‘ಕಟ್’ ಮಾಡುತ್ತಿದ್ದೆ. ಯಜಮಾನರು ಕಲಿಸಿದ್ದೇ ಹಾಗೆ: "ಕತ್ತರಿಸಿ ನೋಡು, ಹಿಂದೆ ಏನು ಉಳೀತು ನೋಡು." ಕತ್ತರಿಸಿದಾಗ ಫೋಟೊದಲ್ಲಿ ಆ ಮನುಷ್ಯನ ಆಕಾರದ ಬಿಳಿ ತೂತು ಬೀಳುತ್ತದೆ. ತೂತಿನ ಅಂಚಿನಲ್ಲಿ ಕಿವಿಯ ಚೂರೋ ಕೂದಲೋ ಉಳಿದಿದ್ದರೆ ಕೆಲಸ ಸರಿಯಾಗಿಲ್ಲ ಎಂದರ್ಥ. ನೋಡಿಕೊಂಡು, ಮುಖವನ್ನು ಬೇರೆ ಫೈಲಿನಲ್ಲಿ ಅಂಟಿಸಿ ಇಟ್ಟು, ಮೂಲ ಫೋಟೊವನ್ನು ಮೊದಲಿನಂತೆ ಮಾಡಿ ಮುಚ್ಚುವುದು. ದಿನಕ್ಕೆ ನಾಲ್ಕು ಸಲ ಮಾಡಿದರೂ ಒಂದು ಸಲವೂ ತಪ್ಪಿರಲಿಲ್ಲ.

ಇನ್ನೊಂದು ಅಭ್ಯಾಸ ಕರೆಂಟಿನದು. ಹೇಳದೆ ಕೇಳದೆ ಹೋಗುತ್ತಿತ್ತು. ಯುಪಿಎಸ್ಸಿನ ಬ್ಯಾಟರಿ ಮುದಿಯಾಗಿ ಮೂರು ನಿಮಿಷ ತಡೆದರೆ ಹೆಚ್ಚು. ಅದು ಕುಂಯ್ ಕುಂಯ್ ಎಂದ ಕೂಡಲೇ ಸೇವ್ ಮಾಡು, ಸಾಫ್ಟ್‌ವೇರ್ ಮುಚ್ಚು, ಮೆಷಿನ್ ಆರಿಸು. ಯೋಚನೆ ಮಾಡುವ ಕೆಲಸವೇ ಇಲ್ಲ, ಬೆರಳುಗಳಿಗೆ ಬಾಯಿಪಾಠವಾಗಿತ್ತು. ಮುಚ್ಚುವಾಗ ಆ ಫೋಟೊ ಸಾಫ್ಟ್‌ವೇರ್ ಪ್ರತಿಸಲ ಒಂದು ಪ್ರಶ್ನೆ ಕೇಳುತ್ತಿತ್ತು. ಇಂಗ್ಲಿಷಿನಲ್ಲಿ ಇರುತ್ತಿತ್ತು, ಅರ್ಥ ಇಷ್ಟು: ನೀವು ಕತ್ತರಿಸಿದ್ದು ದೊಡ್ಡದಾಗಿದೆ, ನೀವು ಹೋದ ಮೇಲೂ ಅದು ಬೇರೆಯವರಿಗೆ ಸಿಗುವಂತೆ ಉಳಿಯಲೇ? ಹೌದು ಎಂದರೆ ಮೆಷಿನ್ನು ಐದು ನಿಮಿಷ ತಿಣುಕುತ್ತಿತ್ತು. ಮುಖ ಹೇಗೂ ಬೇರೆ ಫೈಲಿನಲ್ಲಿ ಇರುತ್ತಿತ್ತಲ್ಲ. ಅದಕ್ಕೆ ನಾನು ಸದಾ ಬೇಡ ಎಂದೇ ಒತ್ತುತ್ತಿದ್ದೆ.

ಆ ಹುಡುಗಿ ಬಂದದ್ದು ಒಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆ, ಕಾಡಂಚಿನ ಹಳ್ಳಿ. ತಾಯಿ ತೀರಿಕೊಂಡು ಆರು ದಿನವಾಗಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಬ್ಯಾನರು ಬೇಕಿತ್ತು. ಸೆರಗಿನ ಗಂಟು ಬಿಚ್ಚಿ, ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ಇದ್ರಲ್ಲಿ ಒಂದೇ ಒಂದ್ ಫೋಟೊ ಅದೆ ಕಣಕ್ಕ, ಅವ್ವುಂದು. ಸೋದರಮಾವನ ಫೋನಿನ ಕಾರ್ಡು. ಫೋನು ತೊಟ್ಟಿಗ್ ಬಿದ್ದೋಗದೆ, ಕಾರ್ಡು ಮಾತ್ರ ಉಳ್ಕಂಡದೆ."

"ಆಧಾರ್ ಕಾರ್ಡಲ್ಲಿ ಇಲ್ವೇನವ್ವ?" ಎಂದೆ.

ಅವಳು ಅದನ್ನೂ ತಂದಿದ್ದಳು. ತೋರಿಸಿದಳು. ಎಲ್ಲರ ಆಧಾರ್ ಫೋಟೊ ಹೇಗಿರುತ್ತದೋ ಹಾಗೇ, ಹೊಗೆ ಹಿಡಿದ ಗೋಡೆಯಲ್ಲಿ ಎರಡು ಕಣ್ಣು. "ಇದು ನಮ್ಮವ್ವ ಅಲ್ಲ ಕಣಕ್ಕ," ಎಂದಳು. "ಇದ ಇಟ್ರೆ ನಮ್ಮೂರ ನಾಯೂ ಗುರ್ತ್ ಹಿಡಿಯಕಿಲ್ಲ."

ಕಾರ್ಡು ಹಾಕಿ ಫೋಟೊ ತೆರೆದೆ. ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ. ನಡುವೆ ಒಬ್ಬಾಕೆ ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡುತ್ತಾ, ತಡೆದುಕೊಳ್ಳಲಾಗದೆ ನಗುತ್ತಿದ್ದಾಳೆ. ಸತ್ತವರ ಫೋಟೊದಲ್ಲಿ ನಗು ಅಪರೂಪ. ಯಾಕೆ ನಗುತ್ತಿದ್ದಾರೆ ಎಂದು ಕೇಳಿದೆ.

"ನಮ್ಮಾವ ಹೊಸ ಪಂಚೆ ಉಟ್ಕಂಡು ಅಂಗಡಿ ಚೀಟಿ ಕೀಳದು ಮರ್ತಿದ್ದ. ಹಿಂದ್ಗಡೆ ನೇತಾಡ್ತಿತ್ತು," ಎಂದು ಹೇಳಿ ಆ ಹುಡುಗಿಯೂ ನಕ್ಕು, ನಕ್ಕದ್ದಕ್ಕೆ ನಾಚಿಕೆಪಟ್ಟು ಬಾಯಿ ಮುಚ್ಚಿಕೊಂಡಳು. ಊರಿಗೆ ಹೋಗುವ ಬಸ್ಸು ಮೂರು ಗಂಟೆಗೆ. ಅಷ್ಟರಲ್ಲಿ ಪೇಟೆಯಲ್ಲಿ ಸಾಮಾನು ತರುತ್ತೇನೆಂದು ಹೋದಳು. ಬಾಗಿಲಲ್ಲಿ ತಿರುಗಿ ನಿಂತು, "ವಸಿ ಜ್ವಾಪಾನ ಕಣಕ್ಕ, ಅದ್ ಬುಟ್ರೆ ಇನ್ನಿಲ್ಲ," ಎಂದಳು.

ಇಂಥ ಮಾತು ಕೇಳಿದ ಮೇಲೆ ಮಾಡಬೇಕಾದ್ದು ಒಂದೇ: ಕಾರ್ಡಿನಲ್ಲಿರುವುದನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಆ ನಕಲಿನ ಮೇಲೆ ಕೈಯಾಡಿಸುವುದು. ಯಜಮಾನರು ಸಾವಿರ ಸಲ ಹೇಳಿದ್ದರು. ಡಿಸ್ಕು ತುಂಬಿತ್ತು, ಜಾಗ ಮಾಡಲು ಹಳೆಯದನ್ನೆಲ್ಲ ಅಳಿಸಬೇಕಿತ್ತು. ಆಮೇಲೆ ನೋಡಿಕೊಂಡರಾಯಿತು ಎಂದು ಕಾರ್ಡಿನ ಮೇಲೇ ಕೆಲಸ ಶುರು ಮಾಡಿದೆ. ಇದು ಸೋಮಾರಿತನ. ಬೇರೆ ಹೆಸರು ಕೊಡುವುದಿಲ್ಲ.

ಮುಖ ಬಿಡಿಸುವುದೆಂದರೆ ಅಂಚಿನುದ್ದಕ್ಕೂ ಚುಕ್ಕಿ ಇಡುತ್ತಾ ಹೋಗುವುದು. ಒಂದು ಗಂಟೆ ಹಿಡಿಯಿತು. ಅಷ್ಟು ದೊಡ್ಡದು ಮಾಡಿ ನೋಡುವಾಗ ಮುಖ ಮುಖವಾಗಿರುವುದಿಲ್ಲ, ದಾರಿಯಾಗಿರುತ್ತದೆ. ಬಲಗಿವಿಯ ಹಾಲೆ ಓಲೆಯ ಭಾರಕ್ಕೆ ಉದ್ದಕ್ಕೆ ಸೀಳಿತ್ತು, ಅದರ ಸಂದಿಯಲ್ಲಿ ಹಿಂದಿನ ಚಪ್ಪರದ ಹಸಿರು ಕಾಣುತ್ತಿತ್ತು. ಕಪಾಳದ ಹತ್ತಿರ ಒಂದು ಎಳೆ ಕೂದಲು ಯಾರ ಮಾತನ್ನೂ ಕೇಳದೆ ಹೊರಗೆ ಸುರುಳಿ ಸುತ್ತಿಕೊಂಡಿತ್ತು. ಎಡಹುಬ್ಬಿನ ಮೇಲೆ ಅಮ್ಮ ಎದ್ದಾಗಿನ ಒಂದು ಸಿಡುಬಿನ ಕುಳಿ. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ನಗುವಾಗ ತುಟಿಯ ಬಲಗಡೆ ಮಾತ್ರ ಮೇಲಕ್ಕೆ ಹೋಗಿ, ಒಂದರ ಮೇಲೊಂದು ಹತ್ತಿದ ಎರಡು ಹಲ್ಲು ಕಾಣುತ್ತಿದ್ದವು. ಆ ಕೂದಲೆಳೆಯನ್ನು ಕತ್ತರಿಸಿ ಎಸೆದರೆ ಕೆಲಸ ಸುಲಭ, ಎಲ್ಲರೂ ಹಾಗೇ ಮಾಡುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಅದನ್ನು ಸುತ್ತಿಕೊಂಡೇ ಬಂದೆ.

ಚುಕ್ಕಿ ಚುಕ್ಕಿಗೆ ಕೂಡಿತು. ಕಟ್ ಒತ್ತಿದೆ. ಆಕೆ ಫೋಟೊದಿಂದ ಎದ್ದು ಹೋದಳು. ಬಿಳಿ ತೂತಿನ ಅಂಚನ್ನು ನೋಡಿದೆ, ಎಲ್ಲಿಯೂ ಒಂದು ಚೂರು ಉಳಿದಿರಲಿಲ್ಲ. ಅಷ್ಟು ಚೊಕ್ಕವಾಗಿ ನಾನು ಯಾವತ್ತೂ ಬಿಡಿಸಿರಲಿಲ್ಲ. "ಯಜಮಾನ್ರೇ, ಬಂದು ನೋಡಿ," ಎಂದು ಕೂಗಬೇಕೆಂದಿದ್ದೆ.

ಆಗ ಫ್ಯಾನು ನಿಂತಿತು, ಯುಪಿಎಸ್ ಕೂಗಿಕೊಂಡಿತು.

ನನ್ನ ಬೆರಳುಗಳು ಅವುಗಳ ಪಾಠವನ್ನು ಒಪ್ಪಿಸಿದವು. ಸೇವ್. ಮುಚ್ಚು. ಪ್ರಶ್ನೆ ಬಂತು. ಬೇಡ.

ಮೆಷಿನ್ ಆರಿಸಲು ಕೈ ಹೋಗುವಷ್ಟರಲ್ಲಿ ಕರೆಂಟು ಬಂದುಬಿಟ್ಟಿತು. ಒಂದು ನಿಮಿಷವೂ ಹೋಗಿರಲಿಲ್ಲ. ಫ್ಯಾನು ತಿರುಗಿತು. ಸದ್ಯ, ಉಳೀತು ಎಂದುಕೊಂಡು ಬ್ಯಾನರಿನ ಸಾಫ್ಟ್‌ವೇರ್ ತೆರೆದು, ಹಿಮದ ಬೆಟ್ಟ ಹಾಕಿ, ಪೇಸ್ಟ್ ಮಾಡಲು ಹೋದೆ. ಆ ಪದ ಮಂಕಾಗಿತ್ತು. ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಕಿಂಡಿಯಲ್ಲಿ ಏನೂ ಇರಲಿಲ್ಲ.

ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಕಾಣೆ. ಮುಖವನ್ನು ಬೇರೆ ಫೈಲಿನಲ್ಲಿ ಅಂಟಿಸುವ ಮೊದಲೇ ಮುಚ್ಚಿಬಿಟ್ಟಿದ್ದೆ. ಹೌದು ಎಂದು ಒತ್ತಿದ್ದರೆ ಆಕೆ ಅಲ್ಲಿರುತ್ತಿದ್ದಳು. ಏನನ್ನೂ ಒತ್ತದೆ ಕೈಕಟ್ಟಿ ಕೂತಿದ್ದರೂ ಇರುತ್ತಿದ್ದಳು. ಕಾರ್ಡನ್ನು ತೆರೆದು ನೋಡಿದೆ. ಫೈಲುಗಳ ಪಟ್ಟಿಯಲ್ಲಿ ಫೋಟೊಗಳು ಅಂಚೆಚೀಟಿಯಷ್ಟು ಚಿಕ್ಕದಾಗಿ ಕಾಣುತ್ತವಲ್ಲ, ಅಲ್ಲಿ ಆಕೆ ಇದ್ದಳು! ಚಪ್ಪರದ ಕೆಳಗೆ, ಎಲ್ಲರ ನಡುವೆ, ಪಕ್ಕಕ್ಕೆ ನೋಡಿ ನಗುತ್ತಾ. "ಯಾ ಅಲ್ಲಾ" ಎಂದು ಜೋರಾಗಿಯೇ ಅಂದೆ. ಎರಡು ಸಲ ಒತ್ತಿ ತೆರೆದೆ. ಫೋಟೊ ದೊಡ್ಡದಾಗಿ ತೆರೆದುಕೊಂಡಿತು. ಜನರೆಲ್ಲ ಇದ್ದರು, ನಡುವೆ ಬಿಳಿ ತೂತು.

ಮುಚ್ಚಿ ಹಿಂದಕ್ಕೆ ಬಂದೆ. ಅಂಚೆಚೀಟಿಯಷ್ಟಗಲದಲ್ಲಿ ಇನ್ನೂ ನಗುತ್ತಿದ್ದಳು. ಹೊರಗಿನಿಂದ ನೋಡಿದರೆ ಇದ್ದಾಳೆ, ಬಾಗಿಲು ತೆಗೆದರೆ ಇಲ್ಲ. ಕಂಪ್ಯೂಟರು ಹಳೆಯ ಚಿಕ್ಕ ಚಿತ್ರವನ್ನೇ ಇಟ್ಟುಕೊಂಡಿದೆ, ಇನ್ನೂ ಬದಲಾಯಿಸಿಲ್ಲ, ಅಷ್ಟೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸ್ಕ್ರೀನನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಷ್ಟನ್ನಾದರೂ ಹಿಡಿದುಕೊಳ್ಳೋಣ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳೋಣ ಎಂದು ಆ ಗುಂಡಿಯನ್ನು ಹುಡುಕುತ್ತಿದ್ದಾಗ ಪಟ್ಟಿ ಒಮ್ಮೆ ಮಿಟುಕಿತು. ನಾನು ನೋಡುತ್ತಿದ್ದ ಹಾಗೇ ಆ ಚಿಕ್ಕ ಚಿತ್ರದಲ್ಲೂ ಆಕೆಯ ಜಾಗ ಬೆಳ್ಳಗಾಯಿತು.

ಯಜಮಾನರ ಹತ್ತಿರ ಹೋಗಿ ಹೇಳಿದೆ. ಅವರು ಎದ್ದು ಬಂದು, ಸ್ಕ್ರೀನಿಗೆ ಮುಖ ತಾಗುವಷ್ಟು ಹತ್ತಿರದಿಂದ ಆ ತೂತನ್ನು ನೋಡಿದರು. ಆಮೇಲೆ, "ಆದದ್ದಾಯ್ತು ಬುಡು. ಕಾರ್ಡು ಕೆಟ್ಟೋಗಿತ್ತು ಅನ್ನು. ತೊಟ್ಟಿಗೆ ಬಿದ್ದದ್ದು ತಾನೆ, ನಂಬ್ತಾಳೆ," ಎಂದರು. ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲು ಹೇಳಿದ್ದು. ಮೂರು ಗಂಟೆಗೆ ಹುಡುಗಿ ಬಂದಾಗ ನಾನು ಹಾಗೇ ಹೇಳಿದೆ. ಕಾರ್ಡಿಗೆ ನೀರು ತಾಕಿದೆ, ಫೋಟೊ ತೆರೆಯುತ್ತಿಲ್ಲ ಎಂದೆ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಆಗ ತೆಗೀತಲ್ಲಕ್ಕ? ನಾನೇ ನೋಡ್ದೆ."

"ಒಂದ್ಸಲ ತೆಗೀತು. ಆಮೇಲೆ ಹೋಯ್ತು."

ಅವಳು ಅಳಲಿಲ್ಲ. ಕಾರ್ಡನ್ನು ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಾ, "ಸರಿ ಮಾಡವ್ರು ಯಾರೂ ಇಲ್ವಾ?" ಎಂದಳು. ಚಾಮರಾಜನಗರದಲ್ಲಿ ಅಳಿಸಿಹೋದ ಫೋಟೊ ಹಿಂದಕ್ಕೆ ತರುವ ಒಬ್ಬ ಮೊಬೈಲ್ ರಿಪೇರಿಯವನು ಇದ್ದ. ಯೋಚಿಸದೆ ಅವನ ವಿಷಯ ಹೇಳಿದೆ. ನಾನೊಬ್ಬಳೇ ಹೋಗಿ ಬರುತ್ತೇನೆಂದೆ. ಅವಳು ಒಪ್ಪಲಿಲ್ಲ. "ಅವ್ವುನ್ನ ಒಬ್ಳೇ ಹೆಂಗ್ ಕಳಿಸ್ಲಿ?" ಎಂದಳು.

ಮರುದಿನ ಬೆಳಗ್ಗೆ ಇಬ್ಬರೂ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಾರ್ಡನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ನನಗೆ ತಿನ್ನಲೆಂದು ಮನೆಯಿಂದ ಹುರಿಗಡಲೆ ತಂದಿದ್ದಳು. ತೆಗೆದುಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದೆ.

ರಿಪೇರಿಯವನು ಕಾರ್ಡನ್ನು ಹಾಕಿ ನೋಡಿ ಹುಬ್ಬು ಗಂಟಿಕ್ಕಿದ. "ಕಾರ್ಡ್‌ಗೆ ಏನಾಗದೆ? ಚೆನ್ನಾಗೇ ಅದಲ್ಲ," ಎಂದ. ಇನ್ನೂ ಸ್ವಲ್ಪ ನೋಡಿ, "ಇದ್ಯಾರೋ ಫೋಟೊ ಕಟ್ ಮಾಡಿ ಅದರ ಮೇಲೇ ಸೇವ್ ಮಾಡ್ಬುಟ್ಟವ್ರೆ. ನಿನ್ನೆ ಮಧ್ಯಾಹ್ನದ ಕೆಲಸ ಇದು. ಯಾವನಪ್ಪಾ ಅವನು?" ಎಂದು ನನ್ನನ್ನೇ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬುರ್ಖಾದ ಅಂಚನ್ನು ಸರಿಮಾಡಿಕೊಂಡೆ. ಹುಡುಗಿ ನನ್ನ ಕಡೆ ತಿರುಗಿದಳು. ನನ್ನ ಕೈಯನ್ನೇ ನೋಡಿದಳು.

ಅವನು ಒಂದು ಗಂಟೆ ಹೆಣಗಿದ. ಯಾವಾಗಲೋ ಅಳಿಸಿದ ಮೇಕೆಯ ಚಿತ್ರಗಳು ಬಂದವು, ಹೊಲದಲ್ಲಿ ಅರಳಿದ ಚೆಂಡು ಹೂವು ಬಂತು. ಕೊನೆಗೆ ಆ ಫೋಟೊದ ಹಳೆಯ ತುಣುಕೂ ಬಂತು. ಮೇಲಿನ ಒಂದು ಪಟ್ಟಿ ಮಾತ್ರ. ಚಪ್ಪರದ ಮಾವಿನೆಲೆ, ಎಲ್ಲರ ತಲೆಗೂದಲು, ನಡುವೆ ಅವಳ ಅವ್ವನ ಬೈತಲೆ ಮತ್ತು ಮುಡಿದ ಕನಕಾಂಬರದ ತುದಿ. ಹಣೆ ಶುರುವಾಗುವಲ್ಲಿಂದ ಕೆಳಗೆ ಇಡೀ ಫೋಟೊ ಬೂದು ಬಣ್ಣ.

"ಇಷ್ಟೇ," ಎಂದ ಅವನು. "ಬಾಕಿದು ಯಾವ ಕಾಲಕ್ಕೂ ಬರಲ್ಲ."

ವಾಪಸ್ ಬರುವಾಗ ಅವಳು ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಗುಂಡ್ಲುಪೇಟೆಯಲ್ಲಿ ಇಳಿದ ಮೇಲೆ ನಾನೇ ಹತ್ತಿರ ಹೋಗಿ, ತಪ್ಪಾಯಿತು, ಕೈ ತಪ್ಪಿ ಹೋಯಿತು, ಹೆದರಿ ಸುಳ್ಳು ಹೇಳಿದೆ ಎಂದೆ. ಅವಳು ನಿಂತು ನನ್ನ ಕಡೆ ತಿರುಗಿದಳು.

"ಕೈ ತಪ್ಪುದ್ರೆ ತಪ್ಪೋಯ್ತದೆ, ಮನ್ಸ ಅಂದ್ಮೇಲೆ. ಹುರಿಗಡ್ಲೆ ತಿನ್ಕಂಡು ಪಕ್ದಲ್ಲೇ ಕುಂತಿದ್ರಲ್ಲ, ಆಗ್ಲಾದ್ರೂ ಹೇಳ್ಬಾರ್ದಿತ್ತಾ? ನಾವು ಅವ್ವುನ್ನ ಒಂದ್ಸಲ ಮಣ್ ಮಾಡುದ್ವಿ. ನೀವು ಇನ್ನೊಂದ್ಸಲ ಮಾಡ್ಬುಟ್ರಿ."

ಬ್ಯಾನರಿಗೆ ಆಧಾರಿನ ಹೊಗೆ ಮುಖವನ್ನೇ ಹಾಕಿದೆ. ಎಷ್ಟು ತಿದ್ದಿದರೂ ಅದು ಯಾರೂ ಅಲ್ಲದವರ ಮುಖ. ಬ್ಯಾನರು ತೆಗೆದುಕೊಂಡು ಹೋಗಲು ಬೇರೆ ಯಾರೋ ಬಂದರು.

ಅವತ್ತಿನಿಂದ ನಾನು ಕಟ್ ಮಾಡುವುದನ್ನು ಬಿಟ್ಟೆ. ಮುಚ್ಚುವಾಗ ಆ ಪ್ರಶ್ನೆ ಬಂದರೆ ಹೌದು ಎಂದೇ ಒತ್ತುತ್ತೇನೆ, ಮೆಷಿನ್ನು ಬೇಕಾದರೆ ಐದು ನಿಮಿಷ ಸಾಯಲಿ. ಆದರೆ ಬೇರೆಯದೊಂದು ಶುರುವಾಯಿತು. ಯಾರದೋ ಮದುವೆ ಕಾರ್ಡಿಗೆ ಅಕ್ಷರ ಜೋಡಿಸುತ್ತಿರುವಾಗ ಪೇಸ್ಟ್ ಒತ್ತುವ ಮುಂಚಿನ ಅರೆಗಳಿಗೆ ಆಕೆ ಬಂದುಬಿಡುತ್ತಾಳೇನೋ ಅನ್ನಿಸುತ್ತಿತ್ತು. ನವಜೋಡಿಯ ಹೆಸರಿರಬೇಕಾದ ಜಾಗದಲ್ಲಿ ಪಕ್ಕಕ್ಕೆ ನೋಡಿ ನಗುವ ಮುಖ. ಬರಲಿ ಎಂದು ಆಸೆ, ಬಂದರೆ ಏನು ಗತಿ ಎಂದು ಭಯ. ಅಕ್ಷರವೇ ಬರುತ್ತಿತ್ತು. ಮನೆಯಲ್ಲಿ ರೊಟ್ಟಿ ತಟ್ಟುವಾಗ ಬೆರಳು ತಾನಾಗಿ ಆ ಕೆನ್ನೆಯ ಅಂಚನ್ನು ಹಿಡಿದು ಹೋಗುತ್ತಿತ್ತು, ಕಿವಿಯ ಸೀಳು ಬಂದಲ್ಲಿ ನಿಲ್ಲುತ್ತಿತ್ತು.

ವರ್ಷ ತುಂಬಿದಾಗ ಆ ಹುಡುಗಿ ಬಂದಳು. ವರ್ಷದ ಕಾರ್ಯಕ್ಕೆ ಕಾರ್ಡು ಬೇಕಿತ್ತು, ಬರೀ ಅಕ್ಷರ ಸಾಕು ಎಂದಳು. ಬೇರೆ ಅಂಗಡಿಗಳಿದ್ದವು, ಯಾಕೆ ನಮ್ಮಲ್ಲಿಗೇ ಬಂದಳೋ ಎಂದು ನಾನು ತಲೆ ಎತ್ತದೆ ಟೈಪ್ ಮಾಡುತ್ತಿದ್ದೆ. ಕೆಲಸ ಮುಗಿದರೂ ಅವಳು ಸ್ಟೂಲಿನಿಂದ ಏಳಲಿಲ್ಲ.

"ಅಕ್ಕ, ನಿಮ್ಗೆ ಅವ್ವುನ್ ಮೊಕ ನೆನಪದಾ?" ಎಂದಳು. "ಅವತ್ತು ಅಷ್ಟೊತ್ತು ನೋಡುದ್ರಲ್ಲ. ಮನೇಲಿ ಆ ಆಧಾರ್ ಫೋಟೊ ಕಟ್ಟು ಹಾಕ್ಸಿ ಇಟ್ಟವ್ರೆ. ದಿನಾ ಅದ್ನೇ ನೋಡಿ ನೋಡಿ, ಅವ್ವ ಅಂದ್ರೆ ಅದೇ ಮೊಕ ಬತ್ತದೆ. ನಿಜವಾದ್ದು ಮರ್ತೇ ಓಯ್ತಾ ಅದೆ ಕಣಕ್ಕ."

ನಾನು ಕಣ್ಣು ಮುಚ್ಚಿದೆ. ಹುಡುಕಬೇಕಾಗಲೇ ಇಲ್ಲ. ಚುಕ್ಕಿ ಇಟ್ಟ ದಾರಿಯಲ್ಲೇ ಹೇಳುತ್ತಾ ಹೋದೆ: ಕಿವಿ, ಹಾಲೆಯ ಸೀಳು, ಮಾತು ಕೇಳದ ಕೂದಲೆಳೆ, ಹುಬ್ಬಿನ ಮೇಲಿನ ಕುಳಿ, ಅರ್ಧ ಅಳಿಸಿದ ವಿಭೂತಿ, ತುಟಿ, ಒಂದರ ಮೇಲೊಂದು ಹತ್ತಿದ ಹಲ್ಲು. ಅವಳು ಬಾಯಿ ಬಿಗಿಹಿಡಿದು ಕೇಳುತ್ತಿದ್ದವಳು, ನಾನು ಹಲ್ಲಿನ ಹತ್ತಿರ ಬಂದಾಗ ಹೋ ಎಂದು ಅತ್ತುಬಿಟ್ಟಳು. ತಾಯಿ ಸತ್ತಾಗ ಅತ್ತಿರಲಿಲ್ಲವಂತೆ.

ಅಲ್ಲಿಂದ ಪ್ರತಿ ವರ್ಷ ಅವಳು ಬರುತ್ತಾಳೆ. ಅವಳ ಹಳ್ಳಿಯಿಂದ ಬಂದು, ಅದೇ ಸ್ಟೂಲಿನಲ್ಲಿ ಕೂತು, "ಹೇಳಿ ಅಕ್ಕ" ಅನ್ನುತ್ತಾಳೆ. ನಾನು ಹೇಳುತ್ತೇನೆ. ಯಜಮಾನರು ಈಗಿಲ್ಲ, ಅವರ ಮುಖವನ್ನೂ ನಾನೇ ಬಿಡಿಸಿದೆ, ಕಾಪಿ ಮಾಡಿ. ಅಂಗಡಿ ನನ್ನದಾಗಿದೆ, ಕಂಪ್ಯೂಟರು ಹೊಸದು, ಎರಡಲ್ಲ ಹತ್ತು ಸಾಫ್ಟ್‌ವೇರ್ ತೆರೆದರೂ ಜಗ್ಗುವುದಿಲ್ಲ. ಹಳೆಯ ಮೆಷಿನ್ನನ್ನು ಗುಜರಿಗೆ ಕೊಡಲು ಮಾತ್ರ ಆಗಲಿಲ್ಲ. ಒಳಗಿನ ಕೋಣೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಅದರಲ್ಲಿ ಏನೂ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಈ ವರ್ಷ ಬಂದಾಗ ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಅವಳು ಎಂದೂ ಕೇಳದ್ದನ್ನು ಕೇಳಿದಳು.

"ನಿಮ್ಮವ್ವ ಹೆಂಗಿದ್ರು ಅಕ್ಕ? ನೀವ್ ಒಂದಿನಾನೂ ಹೇಳ್ನಿಲ್ವಲ್ಲ."

ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಬ್ಬಾ ಬದುಕಿರುವಷ್ಟು ದಿನ ನಮ್ಮ ಮನೆಯಲ್ಲಿ ಅಮ್ಮಿಯ ಮಾತೇ ಬರುತ್ತಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂಗಡಿಯ ಬಾಗಿಲನ್ನು ಮುಂದಕ್ಕೆ ಹಾಕಿ ಬಂದು ಕೂತೆ. ಕಿಂಡಿಯ ಕಥೆ ಹೇಳಿದೆ, ಹಸಿರು ಬಳೆಯ ಕೈ ಹೇಳಿದೆ. ಅಮ್ಮಿಗೆ ನಗು ಬಂದರೆ ತಡೆಯಲಾಗುತ್ತಿರಲಿಲ್ಲ, ಪಕ್ಕಕ್ಕೆ ತಿರುಗಿಕೊಂಡುಬಿಡುತ್ತಿದ್ದಳು ಎಂದೆ. ನಗುವಾಗ ತುಟಿಯ ಬಲಗಡೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು ಎಂದೆ. ಇಲ್ಲಿ, ಕಪಾಳದ ಹತ್ತಿರ, ಒಂದೆಳೆ ಕೂದಲು ಎಷ್ಟು ಎಣ್ಣೆ ಹಚ್ಚಿದರೂ ಹೊರಗೇ ನಿಲ್ಲುತ್ತಿತ್ತು. ಹುಬ್ಬಿನ ಮೇಲೆ ಒಂದು ಕುಳಿ. ಇಷ್ಟು ವರ್ಷ ಎಲ್ಲಿತ್ತೋ ಎಂಬಂತೆ ಅಮ್ಮಿಯ ಮುಖ ಕಣ್ಣ ಮುಂದೆ ನಿಚ್ಚಳವಾಗಿ ನಿಂತಿತ್ತು, ನಾನು ಅಳುತ್ತಾ ನಗುತ್ತಾ ಹೇಳುತ್ತಿದ್ದೆ.

ಅವಳು ನನ್ನ ಮುಂಗೈ ಹಿಡಿದುಕೊಂಡಳು.

"ಅಕ್ಕ," ಎಂದಳು ಮೆಲ್ಲಗೆ. "ಅದು ನಮ್ಮವ್ವ ಕಣಕ್ಕ."

ರಸ್ತೆಯಲ್ಲಿ ಕೇರಳದ ಕಡೆಗೆ ತರಕಾರಿ ಲಾರಿಯೊಂದು ಹೋಯಿತು. ನಾನು ಮತ್ತೆ ಕಣ್ಣು ಮುಚ್ಚಿ ಗೋಡೆಯ ಕಿಂಡಿಯ ಹತ್ತಿರ ಹೋಗಿ ನಿಂತೆ. ಕೈ ಬಂತು, ತಟ್ಟೆ ಇಟ್ಟಿತು, ಹಿಂದಕ್ಕೆ ಹೋಯಿತು. ಬಗ್ಗಿ ಆ ಕಡೆ ನೋಡಿದರೆ ಅದೇ ಮುಖ, ಹಣೆಯ ತುಂಬ ಅರ್ಧ ಅಳಿಸಿದ ವಿಭೂತಿ. ಅದರ ಹಿಂದೆ ಬೇರೆ ಯಾರೂ ಇರಲಿಲ್ಲ.

ಅವಳ ಬಸ್ಸಿಗೆ ಹೊತ್ತಾಗಿತ್ತು. ಆದರೂ ಏಳಲಿಲ್ಲ. ನನ್ನ ಕೈಯನ್ನು ಬಿಡದೆ, ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳಿ ಅಕ್ಕ," ಎಂದಳು.

ನಾನು ಕಿವಿಯಿಂದ ಶುರು ಮಾಡಿದೆ.